ಬೂಟ್ ಫ್ಲಾಪಿಗೆ ಒಂದೇ ಅಳತೆಗೋಲು ಸಾಲದು

ಹಳೆಯ ಡಾಸ್ ಕಂಪ್ಯೂಟರುಗಳನ್ನು ಮತ್ತೆ ಎಬ್ಬಿಸಿ ಓಡಿಸುವವರಲ್ಲಿ ಒಂದು ರೂಢಿ ಬೇರೂರಿದೆ. ಬೂಟ್ ಫ್ಲಾಪಿ ಹಾಕಿ ಯಂತ್ರ ಚಾಲೂ ಮಾಡುವುದು, ಮೆಮ್ ಎಂಬ ಆಜ್ಞೆ ಕೊಡುವುದು, 620 ಕಿಲೋಬೈಟ್ ಖಾಲಿ ಎಂದು ಬಂದರೆ ಫ್ಲಾಪಿ ಚೆನ್ನಾಗಿದೆ ಎನ್ನುವುದು. 630 ಬಂದರಂತೂ ಕೇಳುವುದೇ ಬೇಡ. ಫ್ಲಾಪಿಯನ್ನು ಈ ಒಂದೇ ಅಂಕಿಯಿಂದ ತೂಗುವುದು ತಪ್ಪು. ಯಾವ ಪ್ರೋಗ್ರಾಂಗಾಗಿ, ಯಾವ ಯಂತ್ರಕ್ಕಾಗಿ ಮಾಡಿದ್ದು ಎಂದು ಕೇಳದೆ ಬೂಟ್ ಫ್ಲಾಪಿಯ ಬೆಲೆ ಕಟ್ಟಲಾಗದು.

ಇಕ್ಕಟ್ಟು ಶುರುವಾದದ್ದು 1981ರ ಐಬಿಎಂ ಪಿಸಿಯಲ್ಲಿ. ಅದರ 8088 ಪ್ರೊಸೆಸರಿಗೆ ಇದ್ದದ್ದು 20 ವಿಳಾಸ ತಂತಿಗಳು, ಅಂದರೆ 1024 ಕಿಲೋಬೈಟಿನಾಚೆ ಅದಕ್ಕೆ ಕಾಣದು. ಅದರಲ್ಲಿ ಮೇಲಿನ 384 ಕಿಲೋಬೈಟ್ ಪರದೆಗೂ ಬಯಾಸ್‌ಗೂ ಮೀಸಲಾಯಿತು, ಪ್ರೋಗ್ರಾಂಗಳಿಗೆ 640 ಉಳಿಯಿತು. ಮುಂದೆ 386 ಬಂತು, ಯಂತ್ರದಲ್ಲಿ ನಾಲ್ಕು ಮೆಗಾಬೈಟ್ ಕೂತಿತು. ಆದರೂ ಸಾಮಾನ್ಯ ಡಾಸ್ ಪ್ರೋಗ್ರಾಂ ಆ 640ರೊಳಗೇ ಬದುಕಬೇಕಿತ್ತು. ಅದೇ ಜಾಗದಲ್ಲಿ ಡಾಸ್, ಮೌಸಿನ ಡ್ರೈವರ್, ಸಿಡಿಯ ಡ್ರೈವರ್, ಡಿಸ್ಕ್ ಕ್ಯಾಶ್ ಎಲ್ಲಕ್ಕೂ ಪಾಲು. 1991ರ ಎಂಎಸ್-ಡಾಸ್ 5 ಕೊಟ್ಟ ಪರಿಹಾರ ಸೊಗಸಾದದ್ದು. ಹೈಮೆಮ್ ಎಂಬ ಮೆಮೊರಿ ಡ್ರೈವರ್ ಇದ್ದರೆ ಡಾಸ್‌ನ ಬಹುಭಾಗ ಒಂದು ಮೆಗಾಬೈಟಿನ ಗಡಿ ದಾಟಿ ಅಲ್ಲಿರುವ 64 ಕಿಲೋಬೈಟಿಗೆ ತುಸು ಕಡಿಮೆಯ ಜಾಗಕ್ಕೆ ಏರಿ ಕೂರುತ್ತದೆ. ಇಎಂಎಂ386 ಎಂಬ ಇನ್ನೊಂದು ಡ್ರೈವರ್ ಇದ್ದರೆ ಆ 384ರಲ್ಲಿ ಬಳಕೆಯಾಗದ ಸಂದುಗಳಿಗೂ ಮೆಮೊರಿ ಒದಗಿ, ಡ್ರೈವರುಗಳು ಅಲ್ಲಿಗೆ ಹೋಗುತ್ತವೆ. ಈ ಎರಡನ್ನೂ ಪೂರ್ತಿ ದುಡಿಸಿಕೊಂಡ ಫ್ಲಾಪಿಯೇ 620, 630ರ ಫ್ಲಾಪಿ.

ಈಗ ಆ ಫ್ಲಾಪಿಯನ್ನು ಒರಿಜಿನ್ ಕಂಪನಿಯ 1992ರ ಆಟ ಅಲ್ಟಿಮಾ 7ರ ಮುಂದೆ ಇಟ್ಟು ನೋಡಿ. ಆಟ ಶುರುವೇ ಆಗುವುದಿಲ್ಲ. ವೂಡೂ ಎಂಬ ತನ್ನದೇ ಮೆಮೊರಿ ವ್ಯವಸ್ಥೆಯಿಂದ ಅದು ಒಂದು ಮೆಗಾಬೈಟಿನಾಚೆಗೆ ನೇರವಾಗಿ ಕೈ ಚಾಚುತ್ತದೆ. ಅದಕ್ಕೆ ಪ್ರೊಸೆಸರಿನ ಮೇಲೆ ಪೂರ್ತಿ ಹಿಡಿತ ಬೇಕು. ಇಎಂಎಂ386 ಆದರೋ ಪ್ರೊಸೆಸರನ್ನು ವರ್ಚುವಲ್ 8086 ಮೋಡಿನಲ್ಲಿರಿಸಿ, ಆ ಹಿಡಿತವನ್ನು ತಾನೇ ಇಟ್ಟುಕೊಂಡಿರುತ್ತದೆ. ಇಬ್ಬರಿಗೂ ಒಂದೇ ಯಂತ್ರದಲ್ಲಿ ಜಾಗವಿಲ್ಲ. ಹೈಮೆಮ್ ಮಾತ್ರ ಇಟ್ಟು, ಮೌಸಿನ ಡ್ರೈವರನ್ನು ಕೆಳಗೇ ಕೂರಿಸಿ, ಸಿಡಿ ಡ್ರೈವರನ್ನೂ ಕ್ಯಾಶನ್ನೂ ಕಿತ್ತುಹಾಕಿದ ಬಡಕಲು ಫ್ಲಾಪಿಯಲ್ಲಿ ಖಾಲಿ ಮೆಮೊರಿಯ ಅಂಕಿ ಇಳಿಯುತ್ತದೆ, ಆಟ ಓಡುತ್ತದೆ.

ಅದೇ ಕಂಪನಿ 1990ರಲ್ಲಿ ತಂದ ವಿಂಗ್ ಕಮಾಂಡರ್ ಇದಕ್ಕೆ ತದ್ವಿರುದ್ಧ. ಅದು ಎಕ್ಸ್‌ಪಾಂಡೆಡ್ ಮೆಮೊರಿ, ಅಂದರೆ ಒಂದು ಕಿಟಕಿಯ ಮೂಲಕ ತುಂಡುತುಂಡಾಗಿ ಕಾಣಿಸುವ ಹೆಚ್ಚುವರಿ ಮೆಮೊರಿ ಕೇಳುತ್ತದೆ. ಸಿಕ್ಕರೆ ಕಾಕ್‌ಪಿಟ್ಟಿನಲ್ಲಿ ಪೈಲಟ್‌ನ ಕೈ ಜಾಯ್‌ಸ್ಟಿಕ್ ಆಡಿಸುವುದು ಕಾಣುತ್ತದೆ, ಸಿಗದಿದ್ದರೆ ಆ ಚಿತ್ರವೇ ಇಲ್ಲ. ಎಕ್ಸ್‌ಪಾಂಡೆಡ್ ಮೆಮೊರಿ ಒದಗಿಸಲು ಇಎಂಎಂ386 ಸಾಮಾನ್ಯವಾಗಿ ಮೇಲಿನ ಜಾಗದಲ್ಲಿ 64 ಕಿಲೋಬೈಟಿನ ಒಂದು ಕಿಟಕಿ ತೆರೆಯುತ್ತದೆ. ಅಂಕಿಯ ಬೆನ್ನು ಹತ್ತಿದವರು ಮೊದಲು ಮುಚ್ಚುವುದು ಆ ಕಿಟಕಿಯನ್ನೇ, ನೋಇಎಂಎಸ್ ಎಂದು ಬರೆದು. ಡ್ರೈವರುಗಳಿಗೆ ಜಾಗ ಸಿಕ್ಕಿತು ನಿಜ, ಆಟಗಾರನಿಗೆ ಆ ಕೈ ಕಾಣದೇ ಹೋಯಿತು. ಒಂದೇ ಮನೆಯಿಂದ ಎರಡೇ ವರ್ಷದ ಅಂತರದಲ್ಲಿ ಬಂದ ಎರಡು ಆಟಗಳಿಗೆ ಒಂದೇ ಫ್ಲಾಪಿ ಹೊಂದದೆಂದ ಮೇಲೆ 'ಎಲ್ಲದಕ್ಕೂ ಆಗುವ ಬೂಟ್ ಡಿಸ್ಕ್' ಎಂಬ ಮಾತನ್ನು ಹೇಗೆ ನಂಬುವುದು?

1993ರ ಡಾಸ್ 6ರಲ್ಲಿ ಬಂದ, ಡ್ರೈವರುಗಳನ್ನು ತಾನೇ ಜೋಡಿಸುವ ಮೆಮ್‌ಮೇಕರ್ ಬಗ್ಗೆಯೂ ನನ್ನ ತಕರಾರು ಇದೇ. ಒಂದು ಕೆಲಸವನ್ನು ಅದು ನಿಜಕ್ಕೂ ಚೆನ್ನಾಗಿ ಮಾಡುತ್ತದೆ. ಅನೇಕ ಡ್ರೈವರುಗಳಿಗೆ ಕೂತ ಮೇಲೆ ಬೇಕಾಗುವುದಕ್ಕಿಂತ ಕೂರುವ ಹೊತ್ತಿನಲ್ಲಿ ಹೆಚ್ಚು ಜಾಗ ಬೇಕು. ಯಾವುದು ಎಲ್ಲಿ ಹಿಡಿಸೀತು ಎಂದು ಕೈಯಲ್ಲಿ ಲೆಕ್ಕ ಹಾಕುವುದು ಕಷ್ಟ. ಮೆಮ್‌ಮೇಕರ್ ಎಷ್ಟೋ ಜೋಡಣೆಗಳನ್ನು ತೂಗಿನೋಡಿ ಒಂದನ್ನು ಆರಿಸುತ್ತದೆ. ಆದರೆ ಈ ಡ್ರೈವರ್ ನಿನಗೆ ಬೇಕೇ ಎಂದು ಅದು ಕೇಳುವುದಿಲ್ಲ. ಅನಗತ್ಯವಾದದ್ದನ್ನೂ ಶ್ರದ್ಧೆಯಿಂದ ಮೇಲಕ್ಕೆ ಸಾಗಿಸುತ್ತದೆ, ಡಾಸ್ ಚಾಲೂ ಆಗುವಾಗ ಓದುವ ಕಾನ್ಫಿಗ್ ಕಡತದ ಸಾಲುಗಳನ್ನು ಕಣ್ಣಿಗೆ ಹತ್ತದ ಅಂಕಿಗಳಿಂದ ತುಂಬಿಸುತ್ತದೆ. ಡಾಸ್ 6ರ ನಿಜವಾದ ಕೊಡುಗೆ ಅದೇ ಕಡತದಲ್ಲಿ ಬರೆಯಬಹುದಾದ, ಚಾಲೂ ಆಗುವಾಗ ಬೇಕಾದ ಜೋಡಣೆ ಆರಿಸಿಕೊಳ್ಳುವ ಆಯ್ಕೆಪಟ್ಟಿ. ಸ್ವಂತ ಹಾರ್ಡ್ ಡಿಸ್ಕ್ ಇದ್ದವರಿಗೆ ಇದು ಬಂದ ಮೇಲೆ ಫ್ಲಾಪಿಯ ಹಂಗೇ ಉಳಿಯಲಿಲ್ಲ. ಹಲವರು ಹಂಚಿಕೊಳ್ಳುವ ಯಂತ್ರದಲ್ಲಿ ಮಾತ್ರ, ಇನ್ನೊಬ್ಬರ ಕಡತ ಮುಟ್ಟದೆ ಕೆಲಸ ಮುಗಿಸುವ ಫ್ಲಾಪಿಗೆ ಈಗಲೂ ನನ್ನ ಮತ.

386ಕ್ಕೂ ಹಿಂದಿನ ಯಂತ್ರಗಳಲ್ಲಿ ನಕಲು ಹೊಡೆದ ಫ್ಲಾಪಿಗಳ ಬಣ್ಣ ಬಯಲಾಗುತ್ತದೆ. ಇಎಂಎಂ386ಗೆ 386 ಪ್ರೊಸೆಸರೇ ಬೇಕು, 286ರಲ್ಲಿ ಅದು ನಿಷ್ಪ್ರಯೋಜಕ. 8088ರಲ್ಲಿ ಹೈಮೆಮ್‌ಗೂ ಕೆಲಸವಿಲ್ಲ, ಡಾಸ್ ಅಷ್ಟೂ ಕೆಳಗೇ ಕೂರಬೇಕು. ಇಂಥಲ್ಲಿ ಮೈ ಚಿಕ್ಕದಾದ 1987ರ ಡಾಸ್ 3.3 ಹೆಚ್ಚು ಉಚಿತ. ಡಿಸ್ಕಿನಿಂದ ಓದಿದ್ದನ್ನು ಇಟ್ಟುಕೊಳ್ಳುವ ಒಂದೊಂದು ಬಫರ್ ಅರ್ಧ ಕಿಲೋಬೈಟಿಗಿಂತ ತುಸು ಹೆಚ್ಚು ತಿನ್ನುವುದರಿಂದ ಬಫರುಗಳ ಸಂಖ್ಯೆ ಇಳಿಸಿದಷ್ಟೂ ಜಾಗ, ಆದರೆ ತೀರಾ ಇಳಿಸಿದರೆ ಡಿಸ್ಕ್ ಓದುವುದು ತೆವಳುತ್ತದೆ. ಫ್ಲಾಪಿಯನ್ನು ಎಲ್ಲಿ ಬರೆದದ್ದು ಎಂಬುದೂ ಮುಖ್ಯ. 1.2 ಮೆಗಾಬೈಟಿನ ಡ್ರೈವಿನ ತಲೆ ಎಳೆಯುವ ಜಾಡು ಕಿರಿದು. ಮೊದಲೇ ಬಳಸಿದ 360 ಕಿಲೋಬೈಟಿನ ಡಿಸ್ಕಿನ ಮೇಲೆ ಅದರಲ್ಲಿ ಬರೆದದ್ದನ್ನು ಹಳೆಯ ಡ್ರೈವ್ ಎಷ್ಟೋ ಸಲ ಓದಲಾರದು. ಓಡಿಸಬೇಕಾದ ಯಂತ್ರದಲ್ಲೇ ಫಾರ್ಮ್ಯಾಟ್ ಮಾಡುವುದು ಕ್ಷೇಮ.

ಹೊಸದಾಗಿ ಮಾಡುವವರಿಗೆ ಜಿಮ್ ಹಾಲ್ 1994ರಲ್ಲಿ ಆರಂಭಿಸಿದ ಫ್ರೀಡಾಸ್ ಇದೆ. ಲೈಸೆನ್ಸಿನ ತಂಟೆಯಿಲ್ಲ. ಅದರ ಜೊತೆ ಸಿಗುವ ಕ್ಯೂಟ್‌ಮೌಸ್ ಹಿಡಿಯುವ ಜಾಗ ಮೈಕ್ರೋಸಾಫ್ಟಿನ ಮೌಸ್ ಡ್ರೈವರಿನದಕ್ಕಿಂತ ಬಹಳ ಕಡಿಮೆ, ಅದನ್ನು ಎಂಎಸ್-ಡಾಸ್ ಫ್ಲಾಪಿಗೂ ಧಾರಾಳವಾಗಿ ಹಾಕಿಕೊಳ್ಳಬಹುದು. ಆದರೆ ಫ್ರೀಡಾಸ್ ಜೊತೆ ಬರುವ, ಇಎಂಎಂ386ರ ಕೆಲಸ ಮಾಡುವ ಜೆಮ್386 ಕೂಡ ವರ್ಚುವಲ್ 8086 ಮೋಡಿನದೇ, ಅಲ್ಟಿಮಾ 7ರ ಪಾಡು ಅಲ್ಲೂ ಬದಲಾಗದು.

ಇಂದು ಹಂಚಿಕೆಯಾಗುವ ಫ್ಲಾಪಿ ಇಮೇಜುಗಳ ಮೇಲೆ ಖಾಲಿ ಮೆಮೊರಿಯ ಅಂಕಿಯನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಯಾವ ಪ್ರೊಸೆಸರಿಗೆ, ಎಕ್ಸ್‌ಪಾಂಡೆಡ್ ಮೆಮೊರಿ ಇದೆಯೇ, ಯಾವ ಪ್ರೋಗ್ರಾಂ ಓಡಿಸಿ ನೋಡಿದ್ದಾರೆ ಎಂಬುದು ಇರುವುದಿಲ್ಲ. ಕಾನ್ಫಿಗ್ ಕಡತದ ತಲೆಯಲ್ಲಿ ರೆಮ್ ಎಂದು ಹಾಕಿ ಈ ಮೂರು ಸಂಗತಿ ಬರೆದರೆ ಅದು ಮೆಮೊರಿಯ ಒಂದು ಬೈಟನ್ನೂ ತಿನ್ನುವುದಿಲ್ಲ.