ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ

ಬೆಳ್ಳಿಹಬ್ಬವೋ ಸುವರ್ಣ ಮಹೋತ್ಸವವೋ ಬಂದಾಗ ಸಂಘ-ಸಂಸ್ಥೆಗಳು ಸ್ಮರಣ ಸಂಚಿಕೆಯೊಂದನ್ನು ಹೊರತರುವುದು ವಾಡಿಕೆ. ಮೊದಲ ಪುಟಗಳಲ್ಲಿ ಗಣ್ಯರ ಸಂದೇಶಗಳು, ಆಮೇಲೆ ಅಧ್ಯಕ್ಷರುಗಳ ಭಾವಚಿತ್ರಗಳು, ನಡುನಡುವೆ ಜಾಹೀರಾತುಗಳು, ಕೊನೆಯಲ್ಲಿ ಎಲ್ಲರಿಗೂ ಕೃತಜ್ಞತೆ. ಹಳೆಯ ಜಗಳಗಳಾಗಲಿ ಜಮಾ-ಖರ್ಚಿನ ತಕರಾರುಗಳಾಗಲಿ ಅದರಲ್ಲಿ ಇರುವುದಿಲ್ಲ. ಹೊರನಾಡಿನಲ್ಲಿರುವ ನಾವೆಲ್ಲ ಇಂಥ ಸಂಚಿಕೆಗಳನ್ನು ತಿರುವಿಹಾಕಿ, ನಮ್ಮವರ ಫೋಟೋ ಎಲ್ಲಿದೆಯೆಂದು ಹುಡುಕಿ, ಕಪಾಟಿನಲ್ಲಿ ಇಟ್ಟವರೇ. ಅದರಿಂದ ಯಾರಿಗೂ ಕೇಡಿಲ್ಲ. ಆದರೆ ಜಗತ್ತಿನ ಅತ್ಯಂತ ಶ್ರೀಮಂತ ಕ್ರೀಡಾಸಂಸ್ಥೆಗಳಲ್ಲಿ ಒಂದು, ಸ್ಮರಣ ಸಂಚಿಕೆಯ ಬದಲು ಚಲನಚಿತ್ರವನ್ನೇ ತೆಗೆಸಿದರೆ ಹೇಗಿರುತ್ತದೆ? ಅದನ್ನು ತಿಳಿಯಬೇಕಾದರೆ 'ಯುನೈಟೆಡ್ ಪ್ಯಾಷನ್ಸ್' ಚಿತ್ರವನ್ನು ನೋಡಬೇಕು.

ಕಾಲ್ಚೆಂಡಾಟದ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಫಾ ಹುಟ್ಟಿದ್ದು 1904ರಲ್ಲಿ, ಪ್ಯಾರಿಸ್ಸಿನಲ್ಲಿ. ಕೂಡಿದ್ದು 7 ದೇಶಗಳು. ನೂರು ವರ್ಷ ದಾಟಿದ ಈ ಸಂಸ್ಥೆಯ ಕಥೆಯನ್ನು ಫ್ರೆಡೆರಿಕ್ ಒಬುರ್ತ್ಯಾ ನಿರ್ದೇಶಿಸಿದ ಈ ಚಿತ್ರ ಹೇಳುತ್ತದೆ. ಮೂವರು ಅಧ್ಯಕ್ಷರೇ ಇದರ ನಾಯಕರು: ಜೂಲ್ ರಿಮೆ (ಜೆರಾರ್ ದೆಪಾರ್ದ್ಯು), ಜೊವಾವ್ ಹವೆಲಾಂಜ್ (ಸ್ಯಾಮ್ ನೀಲ್), ಸೆಪ್ ಬ್ಲಾಟರ್ (ಟಿಮ್ ರಾತ್). 2014ರಲ್ಲಿ ಕಾನ್ ಚಿತ್ರೋತ್ಸವದ ಸಮಯದಲ್ಲಿ ಇದು ಮೊದಲು ಪ್ರದರ್ಶನಗೊಂಡಿತು. ಖರ್ಚು ಸುಮಾರು 2.5ರಿಂದ 3 ಕೋಟಿ ಡಾಲರ್. ಅದರ ಬಹುಪಾಲನ್ನು ಕೊಟ್ಟದ್ದು ಫಿಫಾ. ಕಥಾನಾಯಕರಲ್ಲಿ ಒಬ್ಬರು ಆಗ ಅದೇ ಸಂಸ್ಥೆಯ ಗದ್ದುಗೆಯ ಮೇಲೆ ಕುಳಿತಿದ್ದರೆಂಬುದನ್ನು ಓದುಗರು ಗಮನಿಸಬೇಕು.

ಚಿತ್ರದಲ್ಲಿ ಒಳ್ಳೆಯದೇನೂ ಇಲ್ಲವೆಂದರೆ ಅನ್ಯಾಯವಾದೀತು. ರಿಮೆಯ ಭಾಗದಲ್ಲಿ ಒಂದಿಷ್ಟು ಜೀವವಿದೆ. 1930ರಲ್ಲಿ ಉರುಗ್ವೆಯಲ್ಲಿ ಮೊದಲ ವಿಶ್ವಕಪ್ ನಡೆದಾಗ ಯೂರೋಪಿನಿಂದ ಸಮುದ್ರ ದಾಟಿ ಹೋದದ್ದು ಕೇವಲ 4 ತಂಡಗಳು. ಆಗ ಹಣವಿರಲಿಲ್ಲ, ನಂಬಿಕೆಯಿತ್ತು. ಅಂಥ ಕಾಲದ ಕಷ್ಟವನ್ನು ದೆಪಾರ್ದ್ಯು ತಮ್ಮ ಭಾರವಾದ ದೇಹದಿಂದಲೇ ಅಲ್ಲಲ್ಲಿ ಸೂಚಿಸುತ್ತಾರೆ.

ಆದರೆ ಹಣ ಬಂದ ಮೇಲೆ ಚಿತ್ರ ಸಪ್ಪೆಯಾಗುತ್ತದೆ. ಹವೆಲಾಂಜ್ 1974ರಿಂದ 1998ರವರೆಗೆ ಅಧ್ಯಕ್ಷರಾಗಿದ್ದವರು. ಜಾಹೀರಾತು ಮತ್ತು ದೂರದರ್ಶನ ಪ್ರಸಾರದ ಹಕ್ಕುಗಳಿಂದ ಫಿಫಾದ ಬೊಕ್ಕಸ ತುಂಬಿದ್ದು ಅವರ ಕಾಲದಲ್ಲಿ. ನಾಟಕಕ್ಕೆ ಬೇಕಾದ ಸಂಘರ್ಷ ಇರುವುದು ಇಲ್ಲಿಯೇ. ಆದರ್ಶವಾದಿಗಳು ಕಟ್ಟಿದ ಮನೆಗೆ ವ್ಯಾಪಾರ ನುಗ್ಗಿದಾಗ ಮನೆಯವರ ಮನಸ್ಸಿನಲ್ಲಿ ಏನಾಯಿತು? ಮೊದಲ ಲಕೋಟೆಯನ್ನು ತೆಗೆದುಕೊಂಡವನ ಕೈ ನಡುಗಿತೇ? ಈ ಪ್ರಶ್ನೆಗಳನ್ನು ಕೇಳಬಲ್ಲ ಒಂದು ಪಾತ್ರವೂ ಚಿತ್ರದಲ್ಲಿಲ್ಲ. ಟಿಮ್ ರಾತ್ ಅವರಂಥ ನಟರು ಇಲ್ಲಿ ಸಭೆಯಿಂದ ಸಭೆಗೆ, ಒಪ್ಪಂದದಿಂದ ಒಪ್ಪಂದಕ್ಕೆ ನಡೆಯುವ ಗುಮಾಸ್ತೆಯಂತೆ ಕಾಣುತ್ತಾರೆ. ಬ್ಲಾಟರರನ್ನು ಭ್ರಷ್ಟರಿಗೆ ಎಚ್ಚರಿಕೆ ಕೊಡುವ ಶುದ್ಧಹಸ್ತರೆಂದು ಚಿತ್ರಿಸಲಾಗಿದೆ. ನೆರಳಿಲ್ಲದೆ ಬರೀ ಬೆಳಕಿನಿಂದ ಯಾರ ಮುಖವನ್ನೂ ಬಿಡಿಸಲಾಗದು. ಕಲೆಯ ದೃಷ್ಟಿಯಿಂದ ಈ ಚಿತ್ರದ ಸೋಲು ಇದು. ನಟರ ತಪ್ಪಲ್ಲ, ಹಣ ಕೊಟ್ಟವರು ಕಥೆಯನ್ನೂ ಕೊಂಡುಕೊಂಡದ್ದರ ಫಲ.

ಚಿತ್ರ ನುಂಗಿಕೊಂಡ ಕಥೆ ಸರಕಾರಿ ಕಾಗದಪತ್ರಗಳಲ್ಲಿದೆ. ಐ.ಎಸ್.ಎಲ್. ಎಂಬ ಕಂಪನಿ ಫಿಫಾದಿಂದ ಪ್ರಸಾರದ ಹಕ್ಕುಗಳನ್ನು ಕೊಂಡು ಮಾರುತ್ತಿತ್ತು. 2001ರಲ್ಲಿ ಅದು ದಿವಾಳಿಯಾಯಿತು. ದಿವಾಳಿಯಾದವರ ಲೆಕ್ಕದ ಪುಸ್ತಕ ತೆರೆದಾಗ ಯಾರ ಯಾರ ಕೈಗೆ ಎಷ್ಟೆಷ್ಟು ಸಂದಿತ್ತೆಂಬುದು ಹೊರಬಿತ್ತು. 2012ರಲ್ಲಿ ಬಹಿರಂಗವಾದ ಸ್ವಿಸ್ ದಾಖಲೆಯ ಪ್ರಕಾರ ಹವೆಲಾಂಜ್ ಕಡಮೆಯೆಂದರೂ 15 ಲಕ್ಷ ಫ್ರಾಂಕು, ಅವರ ಮಾಜಿ ಅಳಿಯ ರಿಕಾರ್ಡೊ ಟೆಯ್ಷೇರ 1 ಕೋಟಿ 27 ಲಕ್ಷ ಫ್ರಾಂಕು ಪಡೆದಿದ್ದರು. ಅಂದಿನ ಸ್ವಿಸ್ ಕಾನೂನಿನಲ್ಲಿ ಖಾಸಗಿ ವ್ಯಾಪಾರದ ಇಂಥ ಕಮಿಷನ್ ಅಪರಾಧವೇ ಆಗಿರಲಿಲ್ಲ! 2013ರಲ್ಲಿ ಹವೆಲಾಂಜ್ ಗೌರವಾಧ್ಯಕ್ಷ ಪದವಿಯನ್ನು ಬಿಟ್ಟರು. ಮರುವರ್ಷ ತೆರೆಗೆ ಬಂದ ಚಿತ್ರದಲ್ಲಿ ಇದರ ಸುಳಿವೂ ಇಲ್ಲ.

ಆಮೇಲೆ ನಡೆದದ್ದನ್ನು ಯಾವ ಕಥೆಗಾರನೂ ಊಹಿಸಲಾರ. 2015ರ ಮೇ 27ರ ಬೆಳಗಿನ ಜಾವ ಜೂರಿಕ್ಕಿನ ಐಷಾರಾಮಿ ಹೋಟೆಲೊಂದರಲ್ಲಿ ಪೊಲೀಸರು 7 ಮಂದಿ ಕಾಲ್ಚೆಂಡಾಟದ ಅಧಿಕಾರಿಗಳನ್ನು ಬಂಧಿಸಿದರು. ಅಮೆರಿಕದ ಆರೋಪಪಟ್ಟಿಯಲ್ಲಿ 24 ವರ್ಷಗಳ, 15 ಕೋಟಿ ಡಾಲರಿಗೂ ಮಿಕ್ಕ ಲಂಚದ ವಿವರವಿತ್ತು. ಎರಡೇ ದಿನಗಳಲ್ಲಿ, ಮೇ 29ರಂದು, ಸಭೆ ಸೇರಿ ಬ್ಲಾಟರರನ್ನೇ ಮತ್ತೆ ಅಧ್ಯಕ್ಷರನ್ನಾಗಿ ಆರಿಸಿತು. ಜೂನ್ 2ರಂದು ಅವರು ಪದವಿ ಬಿಡುವುದಾಗಿ ಸಾರಿದರು. ಇದೇ ವಾರ, ಜೂನ್ 5ರಂದು, ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾಯಿತು. ಅಲ್ಲಿ ಅದರ ಒಟ್ಟು ಗಳಿಕೆ 918 ಡಾಲರ್. ಒಂದು ಊರಿನ ಚಿತ್ರಮಂದಿರದಲ್ಲಿ ಮಾರಾಟವಾದದ್ದು ಒಂದೇ ಟಿಕೆಟ್ಟು.

ಇದನ್ನು ಕೇಳಿ ನಗುವುದು ಸುಲಭ. ಆದರೆ ಆ ಕೋಟಿಗಟ್ಟಲೆ ಡಾಲರು ಯಾರದು? ನಮ್ಮ ಮಕ್ಕಳು ನಡುರಾತ್ರಿ ಎದ್ದು ಕುಳಿತು ನೋಡುವ ಆಟದ ಹಣ ಅದು. ಬಡದೇಶಗಳಲ್ಲಿ ಬೂಟಿಲ್ಲದೆ ಆಡುವ ಹುಡುಗರಿಗೆ ಮೈದಾನವಾಗಬೇಕಾದ ಹಣ. ಯಾರದೋ ದುಡ್ಡಿನಲ್ಲಿ ಎಲ್ಲಮ್ಮನ ಜಾತ್ರೆ ನಡೆದಿದೆ; ತೇರಿನ ಮೇಲೆ ಕುಳಿತವಳು ಮಾತ್ರ ಎಲ್ಲಮ್ಮನಲ್ಲ.

ಇಷ್ಟಕ್ಕೆಲ್ಲ ಕೆಲವರ ದುರಾಸೆಯೇ ಕಾರಣವೆಂದು ಕೈತೊಳೆದುಕೊಂಡರೆ ರೋಗ ತಿಳಿಯುವುದಿಲ್ಲ. ನಾಲ್ಕು ವರ್ಷಗಳಲ್ಲಿ, 2019ರಿಂದ 2022ರವರೆಗೆ, 750 ಕೋಟಿ ಡಾಲರಿಗೂ ಮೀರಿ ಆದಾಯ ಪಡೆದ ಫಿಫಾ, ಸ್ವಿಸ್ ಕಾನೂನಿನ ಲೆಕ್ಕದಲ್ಲಿ ಒಂದು ಸಂಘ. ಊರಿನ ಭಜನಾಮಂಡಳಿಯಂತೆ, ನಮ್ಮ ಕನ್ನಡ ಸಂಘದಂತೆ. ಅದರ 211 ಸದಸ್ಯ ಒಕ್ಕೂಟಗಳಿಗೆ, ದೇಶ ದೊಡ್ಡದಿರಲಿ ಚಿಕ್ಕದಿರಲಿ, ತಲಾ ಒಂದು ಮತ. ತತ್ತ್ವ ಉದಾತ್ತವಾದುದೇ. ಆದರೆ ಮತ ಹಾಕುವ ಒಕ್ಕೂಟಗಳಿಗೆ ಅನುದಾನ ಹಂಚುವವರು ಮತ ಕೇಳುವವರೇ. ಅನುದಾನ ಪಡೆದ ಕೈ ಲೆಕ್ಕ ಕೇಳಲು ಹೇಗೆ ಮೇಲೇಳಬೇಕು? 2011ರ ಮೇ ತಿಂಗಳಲ್ಲಿ, ಅಧ್ಯಕ್ಷ ಚುನಾವಣೆಯ ಹೊತ್ತಿನಲ್ಲಿ, ಟ್ರಿನಿಡಾಡಿನಲ್ಲಿ ಸೇರಿದ ಕೆರೀಬಿಯನ್ ಪ್ರತಿನಿಧಿಗಳಿಗೆ 40,000 ಡಾಲರ್ ನಗದಿದ್ದ ಲಕೋಟೆಗಳನ್ನು ಕೊಡಲಾಯಿತು. ಬಹಾಮಾದ ಪ್ರತಿನಿಧಿಯೊಬ್ಬರು ಲಕೋಟೆಯ ಫೋಟೋ ತೆಗೆದು ಹಣವನ್ನು ಹಿಂದಿರುಗಿಸಿದರು. ಆ ಸಭೆಯ ಗುಟ್ಟು ರಟ್ಟಾದದ್ದು ಅಂಥ ಕೆಲವರಿಂದ. ಅವರ ಬಗ್ಗೆ ಯಾರಾದರೂ ಚಿತ್ರ ತೆಗೆದರೆ ನಾವು ಸಂತೋಷದಿಂದ ಟಿಕೆಟ್ ಕೊಂಡೇವು.

ಹೊರಗಿನವರು ಲೆಕ್ಕ ಕೇಳಬಹುದಲ್ಲ ಎಂದರೆ, ಅದಕ್ಕೆ 'ಸ್ವಾಯತ್ತತೆ' ಎಂಬ ಬೇಲಿ ಇದೆ. ಸರಕಾರಗಳು ಆಟದಲ್ಲಿ ಕೈಹಾಕಬಾರದೆಂಬ ಮಾತು ಸರಿಯೇ. ಆದರೆ ಬೇಲಿಯೇ ಹೊಲ ಮೇಯ್ದರೆ ಕೇಳುವವರಾರು? ನಮ್ಮ ದೇಶಕ್ಕೂ ಇದರ ಬಿಸಿ ತಟ್ಟಿತ್ತು. ಅವಧಿ ಮುಗಿದರೂ ಚುನಾವಣೆ ನಡೆಸದೆ ಕುಳಿತಿದ್ದ ಭಾರತೀಯ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತವನ್ನು 2022ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ತಾನು ನೇಮಿಸಿದ ಸಮಿತಿಗೆ ಒಪ್ಪಿಸಿತು. ಆಗಸ್ಟಿನಲ್ಲಿ ಫಿಫಾ ಇದನ್ನು ಹೊರಗಿನವರ ಹಸ್ತಕ್ಷೇಪವೆಂದು ಕರೆದು ಭಾರತವನ್ನೇ ಅಮಾನತಿನಲ್ಲಿಟ್ಟಿತು. ಸಮಿತಿಯನ್ನು ಹಿಂತೆಗೆದುಕೊಂಡ ಮೇಲಷ್ಟೇ ಅಮಾನತು ತೆರವಾಯಿತು.

ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಬ್ಲಾಟರರ ಮೇಲಿದ್ದ 20 ಲಕ್ಷ ಫ್ರಾಂಕಿನ ಮೊಕದ್ದಮೆಯಲ್ಲಿ ಸ್ವಿಸ್ ನ್ಯಾಯಾಲಯಗಳು 2022ರಲ್ಲಿ, ಮತ್ತೆ 2025ರಲ್ಲಿ, ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದವು. 2016ರಲ್ಲಿ ನಿಯಮಗಳೂ ಬದಲಾದವು. ಅಧ್ಯಕ್ಷರಿಗೆ ಮೂರೇ ಅವಧಿ ಎಂಬ ಮಿತಿ ಬಂತು. ಆದರೆ ಅದೇ ವರ್ಷ ಚುನಾಯಿತರಾದ ಜಿಯಾನಿ ಇನ್ಫಾಂಟಿನೊ 2019ರಲ್ಲೂ 2023ರಲ್ಲೂ ಅವಿರೋಧವಾಗಿ ಆಯ್ಕೆಯಾದರು. ಅವರ ಮೊದಲ ಅವಧಿ ಪೂರ್ಣವಲ್ಲವಾದ್ದರಿಂದ ಲೆಕ್ಕಕ್ಕಿಲ್ಲವೆಂದೂ ತೀರ್ಮಾನವಾಯಿತು. 2024ರ ಡಿಸೆಂಬರಿನಲ್ಲಿ 2034ರ ವಿಶ್ವಕಪ್ಪನ್ನು ಏಕೈಕ ಅಭ್ಯರ್ಥಿಯಾದ ಸೌದಿ ಅರೇಬಿಯಕ್ಕೆ ಕೊಟ್ಟದ್ದು ಚಪ್ಪಾಳೆಯಿಂದ. ಇದು ಯಾವುದೂ ಅಪರಾಧವಲ್ಲ. ಆದರೆ ಎದುರು ಮಾತಿಲ್ಲದ ಸಭೆ, ಎದುರು ಪಾತ್ರವಿಲ್ಲದ ಚಿತ್ರ, ಎರಡೂ ಒಂದೇ ಜಾಡಿನವು.

ದೂರದ ಜೂರಿಕ್ಕಿನ ಮಾತು ಈ ಮಾಸಪತ್ರಿಕೆಗೆ ಏಕೆಂದು ಕೆಲವರು ಕೇಳಬಹುದು. ನಮ್ಮ ವಾರ್ಷಿಕ ಮಹಾಸಭೆಗಳನ್ನು ನೆನೆದುಕೊಳ್ಳೋಣ. ಲೆಕ್ಕಪತ್ರದ ವಿಷಯ ಬರುವಾಗ ಅಡಿಗೆಯ ಪರಿಮಳವೂ ಬರುತ್ತದೆ. 'ಓದಿದ್ದಾಗಿ ಭಾವಿಸೋಣ' ಎನ್ನುತ್ತಾರೆ ಒಬ್ಬರು, 'ಅನುಮೋದನೆ' ಎನ್ನುತ್ತಾರೆ ಇನ್ನೊಬ್ಬರು, ಚಪ್ಪಾಳೆ ಬೀಳುತ್ತದೆ. ಎದ್ದು ಪ್ರಶ್ನೆ ಕೇಳಿದವನನ್ನು ತಂಟೆಕೋರನೆಂದು ಕಾಣುತ್ತೇವೆ. ನಮ್ಮಲ್ಲಿ ಕೋಟಿಗಳಿಲ್ಲ, ಆದ್ದರಿಂದ ಕೇಡೂ ದೊಡ್ಡದಿಲ್ಲ, ಅಷ್ಟೇ. ಫಿಫಾ ಕೂಡ ಹಣವಿಲ್ಲದ ದಿನಗಳಲ್ಲಿ ನಮ್ಮಂತೆಯೇ ಸಣ್ಣ ಸಂಘವಾಗಿತ್ತು.

ಮುಂದಿನ ಸಭೆಯಲ್ಲಿ ಯಾರಾದರೂ ಜಮಾ-ಖರ್ಚಿನ ಪುಟ ತೆರೆದು ಒಂದು ಪ್ರಶ್ನೆ ಕೇಳಿದರೆ ಐದು ನಿಮಿಷ ಅವರ ಮಾತಿಗೆ ಕಿವಿಗೊಡೋಣ. ಊಟ ತುಸು ತಡವಾದೀತು, ಆಗಲಿ.