ಕೆಂಪು ಗೋಡೆ, ನೇರಳೆ ನೆರಳು

ಬೆಂಗಳೂರಿನ ಅಠಾರಾ ಕಚೇರಿಯ ಚಿತ್ರವನ್ನು ಕಬ್ಬನ್ ಪಾರ್ಕಿನ ಕಡೆಯಿಂದ ಬರೆಯಬೇಕು, ಅದೂ ಡಿಸೆಂಬರಿನ ಬೆಳಗ್ಗೆ. ಆಗ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಓರೆ ಬಿಸಿಲು ಕಂಬಗಳ ಮೇಲೆ ಬೀಳುತ್ತದೆ, ಹಿಂದಿನ ಮೊಗಸಾಲೆ ಮಾತ್ರ ತಣ್ಣಗೆ ಕತ್ತಲಲ್ಲೇ ಇರುತ್ತದೆ.

ಮೊದಲು ಶಾಯಿ. ನೀರು ತಾಗಿದರೂ ಕದಡದ ಶಾಯಿಯೇ ಆಗಬೇಕು, ಇಲ್ಲದಿದ್ದರೆ ಕುಂಚ ಇಟ್ಟೊಡನೆ ಕಂಬವೇ ಹರಿದುಹೋದೀತು. ಸ್ಕೇಲು ಬೇಡ. ಸ್ಕೇಲಿಟ್ಟು ಎಳೆದದ್ದು ಎಂಜಿನಿಯರರ ನಕ್ಷೆಯ ಕಂಬ. ಮರದ ಕೆಳಗೆ ಕೂತು ಕಂಡ ಕಂಬ ಬೇರೆ.

ಆಮೇಲೆ ಆ ಕೆಂಪು. ದೂರಕ್ಕೆ ಒಂದೇ ಬಣ್ಣ. ಅರ್ಧ ಗಂಟೆ ನೋಡುತ್ತ ಕೂತರೆ ಬಿಸಿಲಿದ್ದಲ್ಲಿ ಕಿತ್ತಳೆ, ಮಳೆನೀರು ಇಳಿದಲ್ಲಿ ಕಂದು, ಗೋಡೆಯ ಬುಡದಲ್ಲಿ ಹುಲ್ಲಿನಿಂದ ಹೊಮ್ಮಿದ ನಸುಹಸಿರು. ನಾನು ಬರ್ನ್ಟ್ ಸಿಯೆನ್ನಾವನ್ನು ತೆಳ್ಳಗೆ ಹರಿಸುತ್ತೇನೆ. ಅದಿನ್ನೂ ಹಸಿಯಿರುವಾಗಲೇ ಕಂಬಗಳ ನಡುವೆ ಒಂದು ಹನಿ ಅಲ್ಟ್ರಾಮರೀನ್ ನೀಲಿ. ಮುಂದೆ ಕೈ ಕಟ್ಟಿ ಕಾಯುವುದಷ್ಟೇ. ಈ ನೀಲಿಯ ಕಣಗಳು ತುಸು ಭಾರ. ಕಾಗದ ಒಣಗುತ್ತ ಬಂದಂತೆ ಅವು ಒರಟು ಮೈಯ ಸಣ್ಣ ಸಣ್ಣ ಕುಳಿಗಳಿಗೆ ಇಳಿದು ಕೂರುತ್ತವೆ, ಉಬ್ಬುಗಳ ಮೇಲೆ ಕೆಂಪು ಉಳಿಯುತ್ತದೆ. ಕಣ್ಣಿನ ಹತ್ತಿರ ಹಿಡಿದರೆ ಎರಡೂ ಬೇರೆ ಬೇರೆ. ತೋಳು ಚಾಚಿ ನೋಡಿದರೆ ನೇರಳೆ ನೆರಳು, ಹಳೆಯ ಗಾರೆಯ ಹಾಗೆ ತರಿತರಿ. ಎಷ್ಟು ಸಲ ಕಂಡರೂ ನನಗೆ ತಣಿಯದ ನೋಟ ಇದು.

ಎದುರಿಗಿನ ವಿಧಾನಸೌಧದಲ್ಲಿ ಈ ಆಟ ನಡೆಯುವುದಿಲ್ಲ. 1956ರಲ್ಲಿ ಮುಗಿದ ಆ ಕಲ್ಲಿನ ಸೌಧಕ್ಕೆ ಗೆರೆಯೇ ಬಹುಪಾಲು ಸಾಕು, ಬಣ್ಣ ಎಂದರೆ ಬೂದಿಯ ಒಂದು ಛಾಯೆ. ಅಠಾರಾ ಕಚೇರಿಯ ಜೀವವಿರುವುದು ನೆರಳಿನಲ್ಲಿ.

ಟಿಪ್ಪುವಿನ ಅರಮನೆಯಲ್ಲಿದ್ದ ಸರ್ಕಾರದ 18 ಇಲಾಖೆಗಳು 1868ರಲ್ಲಿ ಇಲ್ಲಿಗೆ ಬಂದವು. ಅಠಾರಾ ಎಂದರೆ ಹದಿನೆಂಟು, ಹೆಸರೂ ಹಾಗೇ ಬಂತು. ಈಗ ಇದು ಹೈಕೋರ್ಟು. 1980ರ ದಶಕದಲ್ಲಿ ಕೆಡವುವ ಮಾತೆದ್ದಾಗ ಊರಿನ ಜನ ಬಿಡಲಿಲ್ಲ. ಕಟ್ಟಡದ ಅಂಚುಗಳ ಬಿಳಿಗೆಂದು ಕಾಗದವನ್ನು ಖಾಲಿ ಬಿಡುವಾಗ ನನಗೆ ಅವರ ನೆನಪು ಬರುತ್ತದೆ. ಜಲವರ್ಣದಲ್ಲಿ ಬಿಳಿಯನ್ನು ಬಳಿಯುವುದಿಲ್ಲ, ಉಳಿಸಿಕೊಳ್ಳಬೇಕು.

ಹೋದ ವಾರದ ಚಿತ್ರ ಮೇಜಿನ ಮೇಲಿದೆ. ಎಡಗಡೆಯ ಮೂರನೇ ಕಂಬದ ಬುಡದಲ್ಲಿ ಕೆಂಪು ಗೆರೆ ದಾಟಿ ಹುಲ್ಲಿಗೆ ಇಳಿದಿದೆ. ಒರೆಸಲು ಬಟ್ಟೆ ಕೈಗೆತ್ತಿಕೊಂಡವನು ಹಾಗೇ ಬಿಟ್ಟೆ. ಆ ಬೆಳಗ್ಗೆ ಅಲ್ಲಿ ಹುಲ್ಲೂ ಕೆಂಪಗಿತ್ತು.