ಬಿಟ್ಟ ಮೀನು ಬದುಕಿತೇ?

ಫ್ಲಾರಿಡಾ, ಅಲಬಾಮಾ ಕರಾವಳಿಯಿಂದ ಮೆಕ್ಸಿಕೋ ಕೊಲ್ಲಿಗೆ ರೆಡ್ ಸ್ನ್ಯಾಪರ್ ಹಿಡಿಯಲು ಹೊರಡುವ ಬಾಡಿಗೆ ದೋಣಿಗಳಲ್ಲಿ ಗಾಳ ಹಾಕುವುದು ನಿಜಕ್ಕೂ ಪಳಗಿದವರ ವಿದ್ಯೆ. ನೀರಿನ ಸೆಳೆತ, ಗಾಳಿ ಎರಡನ್ನೂ ಅಂದಾಜು ಮಾಡಿ ದೋಣಿಯನ್ನು ಕಣ್ಣಿಗೆ ಕಾಣದ ಕಡಲಡಿಯ ದಿಬ್ಬದ ನೆತ್ತಿಗೇ ತಂದು ನಿಲ್ಲಿಸಬೇಕು. ಸೀಸ ತಳ ಮುಟ್ಟಿದೊಡನೆ ದಾರವನ್ನು ಒಂದೆರಡು ಸುತ್ತು ಮೇಲಕ್ಕೆಳೆದುಕೊಳ್ಳಬೇಕು. ಸರ್ಕಲ್ ಹುಕ್ ಎಂಬ ಕೊಕ್ಕೆಯ ಮೊನೆ ಒಳಕ್ಕೆ ಬಾಗಿರುವುದರಿಂದ ಮೀನು ಕಚ್ಚಿದಾಗ ಜಗ್ಗಿದರೆ ಕೊಕ್ಕೆ ಬಾಯಿಂದ ಜಾರಿಬಿಡುತ್ತದೆ. ಸುಮ್ಮನೆ ರೀಲು ಸುತ್ತುತ್ತ ಹೋದರೆ ತಾನಾಗಿ ದವಡೆಯ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಈ ನಾಜೂಕು ಮೆಚ್ಚತಕ್ಕದ್ದೇ. ನನ್ನ ತಕರಾರು ಇರುವುದು ಈ ವಿದ್ಯೆಯನ್ನು ಅಳೆಯುವ ರೀತಿಯ ಬಗ್ಗೆ. ಎಷ್ಟು ಮೀನು ಮೇಲೆ ಬಂತು ಎನ್ನುವುದಷ್ಟೇ ಲೆಕ್ಕಕ್ಕೆ ಬರುತ್ತದೆ. ಮರಳಿ ಬಿಟ್ಟದ್ದರ ಗತಿ ಏನಾಯಿತೆಂದು ಕೇಳುವವರು ಕಡಿಮೆ.

ಕೊಲ್ಲಿಯ ಫೆಡರಲ್ ನೀರಿನಲ್ಲಿ ಬಾಡಿಗೆ ದೋಣಿಯ ಹವ್ಯಾಸಿಗಳಿಗೆ ತಲೆಗೆ ದಿನಕ್ಕೆ ಎರಡೇ ಸ್ನ್ಯಾಪರ್, ಅದೂ 16 ಇಂಚಿಗೆ ಕಡಿಮೆ ಇರುವಂತಿಲ್ಲ. ಉಳಿದದ್ದನ್ನು ಬಿಡಲೇಬೇಕು. ಬಿಟ್ಟ ಮೀನು ಬದುಕುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ನಿಯಮ ನಿಂತಿದೆ. ಆದರೆ 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕು ಪಟ್ಟು. ಅಲ್ಲಿಂದ ಸರಸರನೆ ಮೇಲೆಳೆದಾಗ ಗಾಳಿಚೀಲದೊಳಗಿನ ಅನಿಲ ಹಿಗ್ಗುತ್ತದೆ, ಸ್ನ್ಯಾಪರಿಗೆ ಅದನ್ನು ತೇಗಿ ಹೊರಹಾಕುವ ದಾರಿಯಿಲ್ಲ. ಕಣ್ಣು ಗುಡ್ಡೆ ಉಬ್ಬುತ್ತದೆ, ಬಾಯಿಂದ ಗುಲಾಬಿ ಬಣ್ಣದ ಚೀಲವೊಂದು ಹೊರಬರುತ್ತದೆ. ಅದನ್ನೇ ಗಾಳಿಚೀಲ ಎಂದುಕೊಂಡು ಚುಚ್ಚುವವರಿದ್ದಾರೆ. ಅದು ಮೀನಿನ ಜಠರ. ಮೀನನ್ನು ಹಾಗೆಯೇ ನೀರಿಗೆಸೆದರೆ ಹೊಟ್ಟೆ ಮೇಲಾಗಿ ತೇಲುತ್ತ ಹಕ್ಕಿಗೋ ಡಾಲ್ಫಿನ್ನಿಗೋ ತುತ್ತಾಗುತ್ತದೆ. 50 ವರ್ಷಕ್ಕೂ ಮೀರಿ ಬಾಳಬಲ್ಲ ಜೀವ ಅದು.

ಇದಕ್ಕೆ ಮದ್ದಿಲ್ಲವೆಂದಲ್ಲ. ತುಟಿಗೆ ಕ್ಲಿಪ್ಪು ಹಾಕಿ ತೂಕ ಕಟ್ಟಿ ಮೀನನ್ನು ಆಳಕ್ಕಿಳಿಸಿ ಬಿಡುವ ಸಾಧನಗಳಿವೆ. ಕೆಳಗಿಳಿದಂತೆ ಅನಿಲ ತಾನಾಗಿ ಕುಗ್ಗುತ್ತದೆ. 2022ರ ಜನವರಿಯಲ್ಲಿ ಜಾರಿಗೆ ಬಂದ ಡಿಸೆಂಡ್ ಕಾಯ್ದೆ ಇಂಥ ಸಾಧನವನ್ನೋ ಅನಿಲ ಬಿಡಿಸುವ ಟೊಳ್ಳು ಸೂಜಿಯನ್ನೋ ದೋಣಿಯಲ್ಲಿ ಸಿದ್ಧವಾಗಿಡಬೇಕೆಂದಿತು. ಸೂಜಿಯೇ ಸಾಲದೇ ಎನ್ನುವವರಿದ್ದಾರೆ. ನುರಿತ ಕೈಯಲ್ಲಿ ಸಾಕು. ಆದರೆ ಚುಚ್ಚಬೇಕಾದದ್ದು ಎದೆರೆಕ್ಕೆಯ ಹಿಂದೆ, ಸರಿಯಾದ ಓರೆಯಲ್ಲಿ. ಅಲುಗಾಡುವ ದೋಣಿಯಲ್ಲಿ ಹೊಸಬನೊಬ್ಬ ಗುರಿ ತಪ್ಪಿದರೆ ಒಳಗಿನ ಅಂಗಕ್ಕೇ ಪೆಟ್ಟು. ಮೀನನ್ನು ಆಳಕ್ಕಿಳಿಸುವುದು ಸಮಯ ಹಾಳು ಎಂಬ ಮಾತಿಗೆ ನಾನು ಬೆಲೆ ಕೊಡಲಾರೆ. ಅದಕ್ಕೆಂದೇ ಒಂದು ಗಳವನ್ನು ಮೊದಲೇ ಸಜ್ಜು ಮಾಡಿಟ್ಟರೆ ಒಂದೆರಡು ನಿಮಿಷದ ಕೆಲಸ.

ತೂಕವಿರುವ ಆಕ್ಷೇಪ ಶಾರ್ಕುಗಳದ್ದು. ಇಳಿಸುವ ದಾರಿಯಲ್ಲೇ ಅವು ಮೀನನ್ನು ಕಸಿಯುತ್ತವೆ, ಹಾಗಾಗಿ ಶ್ರಮವೆಲ್ಲ ವ್ಯರ್ಥ ಎನ್ನುತ್ತಾರೆ. ಕಸಿಯುವುದು ನಿಜ. ಆದರೆ ಅದು ಇಳಿಸುವುದನ್ನು ಕೈಬಿಡಲು ಕಾರಣವಲ್ಲ, ಆ ದಿಬ್ಬವನ್ನೇ ಬಿಟ್ಟು ಹೊರಡಲು ಕಾರಣ. ದೋಣಿಯ ನಾಯಕನ ಕಸುಬುಗಾರಿಕೆ ಕಾಣಬೇಕಾದದ್ದು ಇಲ್ಲಿಯೇ. ಎಲ್ಲರ ಪಾಲಿನ ಎರಡೆರಡು ಮೀನು ತುಂಬಿದ ಮೇಲೂ, ಎಳೆಯುವ ಮೋಜಿಗಾಗಿ, ಅದೇ ಬಂಡೆಯ ಮೇಲೆ ಗಾಳ ಇಳಿಸುತ್ತಿದ್ದರೆ ಯಾವ ಸಾಧನವೂ ಪೂರ್ತಿ ಕಾಯಲಾರದು. ದುಡ್ಡು ಕೊಟ್ಟ ಗಿರಾಕಿ ಒಪ್ಪುವುದಿಲ್ಲ ಎಂದರೆ, ಹೊರಡುವ ಮೊದಲೇ ಅವನಿಗೆ ಹೇಳಿ ಒಪ್ಪಿಸಬೇಕು. ಮೋಜೇ ಬೇಕೆಂದರೆ ಮೇಲ್ನೀರಿನ ಕಿಂಗ್ ಮ್ಯಾಕೆರೆಲ್ ಬೆನ್ನಟ್ಟುವ ಆಟವೂ ಅಲ್ಲೇ ಇದೆ. ಬಿಟ್ಟ ಮೀನನ್ನು ಲೆಕ್ಕಿಸದಿದ್ದರೆ ಏನಾಗುತ್ತದೆಂಬುದಕ್ಕೆ ನಿದರ್ಶನ ದೂರವಿಲ್ಲ: ಪಕ್ಕದ ದಕ್ಷಿಣ ಅಟ್ಲಾಂಟಿಕ್ ತೀರದಲ್ಲಿ ಬಿಟ್ಟ ಮೀನಿನ ಸಾವೇ ದೊಡ್ಡ ಲೆಕ್ಕವಾಗಿ, 2024ರಲ್ಲಿ ಫೆಡರಲ್ ನೀರಿನಲ್ಲಿ ಹವ್ಯಾಸಿಗಳಿಗೆ ರೆಡ್ ಸ್ನ್ಯಾಪರ್ ಹಿಡಿಯಲು ಸಿಕ್ಕಿದ್ದು ಒಂದೇ ದಿನ, ಜುಲೈ 12.